ಬೀಭತ್ಸರಸವೂ ವಾಚಕರ ಅಭಿಪ್ರಾಯಭೇದವೂ: ‘ಸಂಸ್ಕಾರ’ ಕಾದಂಬರಿಯನ್ನು ಕುರಿತ ಒಂದು ವಿಮರ್ಶೆ

೧. ಪೀಠಿಕೆ

ಭಯವನ್ನೂ ಜುಗುಪ್ಸೆಯನ್ನೂ ಪ್ರಧಾನವಾಗಿ ನಿರೂಪಿಸುವ ಗ್ರಂಥಗಳ ವಿಷಯದಲ್ಲಿ ವಾಚಕರು ಏಕಾಭಿಪ್ರಾಯಕ್ಕೆ ಬರುವುದು ವಿರಳ. ಶೃಂಗಾರವನ್ನಾಗಲಿ ಕರುಣವನ್ನಾಗಲಿ ಓದಿದವರು ಗುಣದ ತಾರತಮ್ಯವನ್ನು ಮಾತ್ರ ಚರ್ಚಿಸುವರು. ಬೀಭತ್ಸವನ್ನು ಓದಿದವರಾದರೋ ಅಂತಹ ಗ್ರಂಥವು ಇರಬೇಕೆ ಇರಬಾರದೆ ಎಂಬುದನ್ನೇ ಚರ್ಚಿಸತೊಡಗುವರು. ಇದಕ್ಕೆ ಕಾರಣವು ವಾಚಕರ ರುಚಿಭೇದವೊಂದೇ ಅಲ್ಲ. ಆ ರಸದ ಸ್ವಭಾವದಲ್ಲಿಯೇ ಅದಕ್ಕೆ ಎಡೆಯುಂಟೆಂಬುದನ್ನು ಮುಂದೆ ನಿರೂಪಿಸಲಾಗುವುದು.

ಪಾಶ್ಚಾತ್ಯ ದೇಶಗಳಲ್ಲಿ ‘ಜಾಂಬಿ’ ಎಂದು ಹೆಸರಾದ ಜೀವಚ್ಛವಗಳನ್ನು ಕುರಿತ ಕಾದಂಬರಿಗಳು ಈಚೆಗೆ ಹೇರಳವಾಗಿ ಹೊರಟಿರುವುವು. ಮೂಲದಲ್ಲಿ ಹೈಟಿ ದೇಶದ ಜನರ ನಂಬುಗೆಯಂತೆ ಜಾಂಬಿಯೆಂದರೆ ಮಾಂತ್ರಿಕನು ಎಬ್ಬಿಸಿ ತನ್ನ ಊಳಿಗಕ್ಕೆ ಹಚ್ಚಿಕೊಂಡ ಹೆಣ. ೧೯೬೮ರಲ್ಲಿ ಜಾರ್ಜ್ ರೊಮೆರೊ ಎಂಬ ನಿರ್ದೇಶಕನ ಚಲಚ್ಚಿತ್ರವು ಹೊರಬಂದ ಮೇಲೆ ಅದು ಒಡೆಯನಿಲ್ಲದೆ ಗುಂಪುಗುಂಪಾಗಿ ನಡೆದುಬಂದು ಬದುಕಿರುವವರನ್ನು ತಿನ್ನುವ ಹೆಣವಾಗಿ ಮಾರ್ಪಟ್ಟಿತು. ಮುಂದೆ ಸಾಂಕ್ರಾಮಿಕ ರೋಗದ ರೂಪವನ್ನೂ ತಳೆಯಿತು. ನಮ್ಮ ಬೇತಾಳಕ್ಕೂ ಇದಕ್ಕೂ ಭೇದವುಂಟು. ಬೇತಾಳವು ಹೆಣದೊಳಗೆ ಹೊಕ್ಕ ಬೇರೊಂದು ಸತ್ತ್ವ. ಅದು ಕಥೆ ಹೇಳಬಲ್ಲುದು, ತನ್ನನ್ನು ಹೊತ್ತ ರಾಜನಿಗೆ ನ್ಯಾಯದ ಪ್ರಶ್ನೆಯನ್ನೊಡ್ಡಿ ಉತ್ತರವನ್ನು ಬೇಡಬಲ್ಲುದು. ಜಾಂಬಿಯಾದರೋ ಮಾತಿಲ್ಲದ ಬರಿಯ ಹಸಿವು.

ಈ ಜಾತಿಯ ಗ್ರಂಥಗಳಲ್ಲಿ ಕೋಲ್ಸನ್ ವೈಟ್‌ಹೆಡ್ ಎಂಬ ಅಮೆರಿಕದ ಲೇಖಕನು ೨೦೧೧ರಲ್ಲಿ ಪ್ರಕಟಿಸಿದ ‘ಜೋನ್ ವನ್’ ಎಂಬುದು ಅಭಿಪ್ರಾಯಭೇದಕ್ಕೆ ಒಳ್ಳೆಯ ನಿದರ್ಶನ. ನ್ಯೂಯಾರ್ಕ್ ನಗರದ ಒಂದು ಭಾಗದಲ್ಲಿ ಉಳಿದ ಜೀವಚ್ಛವಗಳನ್ನು ತೆರವುಮಾಡುವವರ ಮೂರು ದಿನಗಳ ಕಥೆ ಅದು. ಭಯವನ್ನು ಬಯಸಿ ಓದಿದವರು ಕಥೆ ಸಾಗುವುದೇ ಇಲ್ಲವೆಂದು ಬೇಸತ್ತರು. ಶೈಲಿಯನ್ನು ಬಯಸಿ ಓದಿದವರಲ್ಲಿ ಕೆಲವರು ಇಂತಹ ಶೈಲಿಗೆ ಹೆಣಗಳ ಹಂಗೇಕೆ ಎಂದರು. ಮತ್ತೆ ಕೆಲವರು ಅದನ್ನು ಅಳಿದ ನಗರವೊಂದರ ಸ್ಮರಣೆಯೆಂದು ಮೆಚ್ಚಿಕೊಂಡರು. ಅದರಲ್ಲಿ ಯಾರನ್ನೂ ಕಚ್ಚದೆ, ಬದುಕಿದ್ದಾಗ ಪರಿಚಿತವಾಗಿದ್ದ ಸ್ಥಳದಲ್ಲಿ ಅಭ್ಯಾಸಬಲದಿಂದ ಸುಮ್ಮನೆ ನಿಂತುಬಿಟ್ಟ ಹೆಣಗಳ ಒಂದು ವರ್ಗವೂ ಬರುವುದು. ಇದನ್ನು ನೆನಪಿನಲ್ಲಿಡುವುದು ಮುಂದಿನ ವಿಚಾರಕ್ಕೆ ಉಪಯುಕ್ತ.

ಕನ್ನಡದಲ್ಲಿ ಇದಕ್ಕೆ ಸಮೀಪವಾದ ಗ್ರಂಥವನ್ನು ಹುಡುಕುವವರು ಎದ್ದು ನಡೆಯುವ ಹೆಣಗಳನ್ನು ಅರಸಬೇಕಾಗಿಲ್ಲ. ಏಳದೆ ಮಲಗಿದ್ದ ಒಂದೇ ಹೆಣವು ಒಂದು ಅಗ್ರಹಾರವನ್ನೇ ಹಾಳುಗೆಡಹಿದ ಕಥೆಯು ನಮ್ಮಲ್ಲಿರುವುದು. ಅದು ಯು. ಆರ್. ಅನಂತಮೂರ್ತಿಯವರ (೧೯೩೨–೨೦೧೪) ‘ಸಂಸ್ಕಾರ’. ೧೯೬೫ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಕುರಿತು ವಾಚಕರ ವಿವಾದವು ಇಂದಿಗೂ ಮುಗಿದಿಲ್ಲ. ಆ ವಿವಾದದ ಪಕ್ಷಗಳನ್ನು ಪರೀಕ್ಷಿಸಿ, ಅವು ಹುಟ್ಟುವ ಕಾರಣವನ್ನು ರಸಶಾಸ್ತ್ರದ ನೆರವಿನಿಂದ ನಿರ್ಣಯಿಸುವುದೇ ಈ ಲೇಖನದ ಉದ್ದೇಶ.

೨. ಕಥಾವಸ್ತು

ಮಲೆನಾಡಿನ ದೂರ್ವಾಸಪುರವೆಂಬ ಮಾಧ್ವ ಅಗ್ರಹಾರದಲ್ಲಿ ನಾರಣಪ್ಪನೆಂಬವನು ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದು ಸಾಯುವನು. ಇವನು ಸಾಲಿಗ್ರಾಮವನ್ನು ಹೊಳೆಗೆಸೆದವನು, ದೇವರ ಹೊಂಡದ ಮೀನು ಹಿಡಿದವನು, ಕುಂದಾಪುರದ ಚಂದ್ರಿಯನ್ನು ಮನೆಯಲ್ಲಿಟ್ಟುಕೊಂಡವನು. ಆದರೆ ಜಾತಿಯಿಂದ ಬಹಿಷ್ಕೃತನಾದವನಲ್ಲ. ಅವನಿಗೆ ಮಕ್ಕಳಿಲ್ಲ, ಜ್ಞಾತಿಗಳು ಸಂಸ್ಕಾರಕ್ಕೆ ಹಿಂಜರಿಯುವರು. ಹೆಣವು ಊರಿನಲ್ಲಿರುವ ತನಕ ಯಾರೂ ಉಣ್ಣುವಂತಿಲ್ಲ, ದೇವರ ಪೂಜೆ ಮಾಡುವಂತಿಲ್ಲ. ವೇದಾಂತಶಿರೋಮಣಿ ಪ್ರಾಣೇಶಾಚಾರ್ಯರು ಧರ್ಮಗ್ರಂಥಗಳನ್ನು ಶೋಧಿಸಿ, ಉತ್ತರ ಕಾಣದೆ, ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾದು, ನಿರಾಶರಾಗಿ ಹಿಂದಿರುಗುವಾಗ ಕತ್ತಲೆಯ ಕಾಡಿನಲ್ಲಿ ಚಂದ್ರಿಯ ಸಂಗಕ್ಕೊಳಗಾಗುವರು. ಇತ್ತ ಚಂದ್ರಿಯು ಅಹಮದ್ ಬ್ಯಾರಿಯೆಂಬ ಮೀನಿನ ವ್ಯಾಪಾರಿಯ ಗಾಡಿಯಲ್ಲಿ ಹೆಣವನ್ನು ಸಾಗಿಸಿ, ಯಾರೂ ಅರಿಯದಂತೆ ಇರುಳಿನಲ್ಲಿ ದಹನ ಮಾಡಿಸಿ ಊರು ಬಿಡುವಳು. ಪ್ಲೇಗು ಹರಡುವುದು. ರೋಗಿಷ್ಠಳಾಗಿದ್ದ ಪತ್ನಿ ಭಾಗೀರಥಿಯ ದಹನವನ್ನು ಮುಗಿಸಿ ಆಚಾರ್ಯರು ದಾರಿ ಹಿಡಿಯುವರು. ಮಾಲೇರರ ಪುಟ್ಟನ ಜತೆಯಲ್ಲಿ ಮೇಳಿಗೆಯ ತೇರಿನ ಜಾತ್ರೆಯನ್ನು ಸುತ್ತುವರು. ಕಡೆಗೆ ಊರಿಗೆ ಹಿಂದಿರುಗುವ ಗಾಡಿಯಲ್ಲಿ ಕುಳಿತಿರುವಲ್ಲಿಗೆ ಕಥೆ ನಿಲ್ಲುವುದು.

೩. ಪೂರ್ವಪಕ್ಷಗಳು

ಈ ಗ್ರಂಥದ ವಿಷಯದಲ್ಲಿ ಪ್ರಚಲಿತವಾಗಿರುವ ಅಭಿಪ್ರಾಯಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯ ಪಕ್ಷದವರ ಮತದಲ್ಲಿ ಇದು ಒಂದು ಸಮುದಾಯದ ನಿಂದೆ. ಬ್ರಾಹ್ಮಣರನ್ನು ಹೊಟ್ಟೆಬಾಕರನ್ನಾಗಿಯೂ ಹೊನ್ನಿಗೆ ಬಾಯಿಬಿಡುವವರನ್ನಾಗಿಯೂ ಚಿತ್ರಿಸಿರುವುದಲ್ಲದೆ, ಶಾಸ್ತ್ರದಲ್ಲಿ ಸುಲಭವಾಗಿ ದೊರೆಯುವ ಉತ್ತರವನ್ನು ದೊರೆಯದೆಂದು ಹೇಳಿರುವುದು ಅಸಂಬದ್ಧ. ೧೯೭೦ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಇದನ್ನು ಚಲಚ್ಚಿತ್ರವಾಗಿಸಿದಾಗ ಮದರಾಸಿನ ಸೆನ್ಸಾರ್ ಮಂಡಲಿಯು ಅದನ್ನು ಮೊದಲು ತಡೆಹಿಡಿಯಿತು. ಅನಂತರ ತಡೆ ತೆರವಾಗಿ, ಅದೇ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಸಂದಿತು. ಒಂದೇ ಕೃತಿಗೆ ನಿಷೇಧವೂ ಪುರಸ್ಕಾರವೂ ಒದಗಿದ ಈ ಸಂಗತಿಯು ಅಭಿಪ್ರಾಯಭೇದದ ಆಳವನ್ನು ತಿಳಿಸುವುದು.

ಎರಡನೆಯ ಪಕ್ಷದವರು ಇದನ್ನು ಸಮಾಜದ ಯಥಾರ್ಥ ದಾಖಲೆಯೆಂದು ಕೊಂಡಾಡುವರು. ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದವು ೧೯೭೬ರಲ್ಲಿ ಪ್ರಕಟವಾಯಿತು. ಮರುವರ್ಷ ಹೊರಬಂದ ತಮ್ಮ ಭಾರತವಿಷಯಕ ಗ್ರಂಥದಲ್ಲಿ ವಿ. ಎಸ್. ನೈಪಾಲರು ಈ ಕಥೆಯನ್ನೆತ್ತಿಕೊಂಡು, ಅದರ ಮೂಲಕ ಒಂದು ದೇಶದ ಮನಃಸ್ಥಿತಿಯನ್ನೇ ಅಳೆಯಹೊರಟರು.

ಮೂರನೆಯ ಪಕ್ಷದವರಿಗೆ ಅಗ್ರಹಾರವು ಮುಖ್ಯವಲ್ಲ. ವಿಧಿನಿಷೇಧಗಳ ಆಸರೆಯಿಂದ ಕಳಚಿಬಿದ್ದ ಒಬ್ಬ ಮನುಷ್ಯನು ತನ್ನನ್ನು ತಾನು ಹುಡುಕಿಕೊಳ್ಳುವುದೇ ಮುಖ್ಯ. ನವ್ಯ ವಿಮರ್ಶೆಯು ಬಹುಮಟ್ಟಿಗೆ ಈ ಮಾರ್ಗವನ್ನೇ ಹಿಡಿಯಿತು.

ನಾಲ್ಕನೆಯದು ಸ್ತ್ರೀಪಾತ್ರಗಳನ್ನು ಕುರಿತ ಆಕ್ಷೇಪ. ಕೀಳೆನಿಸಿದ ಜಾತಿಗಳ ಸ್ತ್ರೀಯರೆಲ್ಲರೂ ಇಲ್ಲಿ ಮೈಯ ಚೆಲುವಾಗಿಯೂ, ಬ್ರಾಹ್ಮಣಸ್ತ್ರೀಯರು ಸೊರಗಿದ ಒಡಲುಗಳಾಗಿಯೂ ಕಾಣಿಸುವರು. ಯಾರಿಗೂ ಪೂರ್ಣವಾದ ಅಂತರಂಗವಿಲ್ಲ ಎಂಬುದು ಇವರ ಮಾತು.

ಈ ನಾಲ್ಕು ಪಕ್ಷಗಳೂ ನಿರ್ಮೂಲವಾದುವಲ್ಲ. ಆದರೆ ಕಾದಂಬರಿಯ ನಡುಮನೆಯಲ್ಲಿ ಮಲಗಿರುವ ಹೆಣವನ್ನು ಇವುಗಳಲ್ಲಿ ಯಾವುದೂ ಸಾಕಷ್ಟು ಹೊತ್ತು ದಿಟ್ಟಿಸಿ ನೋಡಿಲ್ಲ.

೪. ಬೀಭತ್ಸದ ಲಕ್ಷಣ

ಬೀಭತ್ಸಕ್ಕೆ ಜುಗುಪ್ಸೆಯು ಸ್ಥಾಯಿಭಾವ, ಭಯಾನಕಕ್ಕೆ ಭಯವು. ಭರತಮುನಿಯು ಮೊದಲನೆಯದಕ್ಕೆ ಮಹಾಕಾಲನನ್ನೂ ಎರಡನೆಯದಕ್ಕೆ ಕಾಲನನ್ನೂ ಅಧಿದೇವತೆಗಳನ್ನಾಗಿ ಹೇಳಿರುವನು. ಎರಡೂ ನೆರೆಹೊರೆಯ ರಸಗಳಾದರೂ ಅವುಗಳ ನಡೆ ಬೇರೆ. ಭಯಗೊಂಡವನು ಓಡುವನು, ಜುಗುಪ್ಸೆಗೊಂಡವನು ಮುಖ ತಿರುಗಿಸುವನು. ಓಡುವುದಕ್ಕೂ ಮುಖ ತಿರುಗಿಸುವುದಕ್ಕೂ ಅವಕಾಶವಿಲ್ಲದಂತೆ ಕಟ್ಟಿಹಾಕಿದಾಗ ಎರಡು ರಸಗಳೂ ಕೂಡಿ ದುಸ್ಸಹವಾಗುವುವು. ದೂರ್ವಾಸಪುರದವರ ಅವಸ್ಥೆ ಇದೇ. ಹೆಣವನ್ನು ಮುಟ್ಟುವಂತಿಲ್ಲ, ಬಿಟ್ಟು ಹೋಗುವಂತಿಲ್ಲ.

ಹತ್ತನೆಯ ಶತಮಾನದ ಧನಂಜಯನು ‘ದಶರೂಪಕ’ದಲ್ಲಿ ಬೀಭತ್ಸವನ್ನು ಮೂರು ಬಗೆಯಾಗಿ ವಿಂಗಡಿಸಿರುವನು. ಹುಳು, ದುರ್ಗಂಧ ಮೊದಲಾದುವುಗಳಿಂದ ಹುಟ್ಟುವುದು ಉದ್ವೇಗಿ. ರಕ್ತ, ಕರುಳು, ಮೂಳೆ ಮೊದಲಾದುವುಗಳಿಂದ ಹುಟ್ಟುವುದು ಕ್ಷೋಭಣ. ಸುಂದರವಾದ ಸ್ತ್ರೀದೇಹದಲ್ಲಿಯೂ ವೈರಾಗ್ಯದ ದೆಸೆಯಿಂದ ಹುಟ್ಟುವ ಹೇಸಿಕೆಯು ಶುದ್ಧ. ಪಾಶ್ಚಾತ್ಯರ ಜೀವಚ್ಛವದ ಕಾದಂಬರಿಗಳು ಸಾಮಾನ್ಯವಾಗಿ ಕ್ಷೋಭಣವನ್ನೇ ಅವಲಂಬಿಸುವುವು. ‘ಸಂಸ್ಕಾರ’ದಲ್ಲಿ ಕ್ಷೋಭಣವು ಇಲ್ಲವೆಂದೇ ಹೇಳಬೇಕು. ಅಲ್ಲಿ ರಕ್ತವಿಲ್ಲ, ಸೀಳಿದ ಒಡಲಿಲ್ಲ. ಮೊದಲು ಕೊಳೆತ ನಾತ. ಆಮೇಲೆ ಹೊರಗೋಡಿ ಬಂದು ಸುತ್ತಿ ಸುತ್ತಿ ಸಾಯುವ ಇಲಿಗಳು. ಆಮೇಲೆ ಮನೆಗಳ ಮಾಡಿನ ಮೇಲೆ ಬಂದು ಕೂರುವ ರಣಹದ್ದುಗಳು. ಅವುಗಳನ್ನು ಓಡಿಸಲು ಬ್ರಾಹ್ಮಣರು ಹೊಡೆಯುವ ಜಾಗಟೆ, ಊದುವ ಶಂಖ. ದೇವರ ಪೂಜೆಯಲ್ಲಿ ಮೊಳಗಬೇಕಾದ ವಾದ್ಯಗಳು ಪೂಜೆಯೇ ನಿಂತ ಊರಿನಲ್ಲಿ ಹದ್ದುಗಳಿಗಾಗಿ ಮೊಳಗುವ ಈ ಸಂದರ್ಭವು ಉದ್ವೇಗಿಯಾದ ಬೀಭತ್ಸಕ್ಕೆ ಕನ್ನಡ ಗದ್ಯದಲ್ಲಿ ದೊರೆಯುವ ಉತ್ತಮ ಉದಾಹರಣೆಗಳಲ್ಲೊಂದು.

ಈ ಭಯವು ಕವಿಕಲ್ಪನೆ ಮಾತ್ರವಾಗಿರಲಿಲ್ಲವೆಂಬುದನ್ನೂ ಗಮನಿಸಬೇಕು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ನುಗ್ಗಿದಾಗ ಜನರು ಪೇಟೆಯ ಮನೆಗಳನ್ನು ಬಿಟ್ಟು ಬಯಲಿನ ಗುಡಿಸಲುಗಳನ್ನು ಸೇರಿದರು. ಮಲ್ಲೇಶ್ವರ, ಬಸವನಗುಡಿಗಳ ಬೆಳವಣಿಗೆಗೆ ಆ ರೋಗವೂ ಒಂದು ಕಾರಣವಾಯಿತು. ಇಲಿ ಬಿದ್ದ ಮನೆಯೆಂದರೇನೆಂಬುದು ಹಿಂದಿನ ತಲೆಮಾರಿನ ವಾಚಕರಿಗೆ ಹಿರಿಯರ ಬಾಯಿಂದ ಕೇಳಿದ ಸಂಗತಿಯಾಗಿದ್ದಿತು. ಪ್ಲೇಗಿನ ನಾಡಿನಲ್ಲಿ ಮೃತ್ಯುವಿನೊಡನೆ ಚದುರಂಗವಾಡುವ ಯೋಧನನ್ನು ಕುರಿತ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ (೧೯೫೭) ಎಂಬ ಚಿತ್ರವನ್ನು ಇಂಗ್ಲೆಂಡಿನಲ್ಲಿ ನೋಡಿದುದು ಈ ರಚನೆಗೆ ಪ್ರೇರಕವಾಯಿತೆಂದು ಗ್ರಂಥಕರ್ತರೇ ಹೇಳಿರುವರು. ಪ್ರೇರಣೆಯು ಹೊರಗಿನದಾದರೂ ಸಾಮಗ್ರಿಯು ಮಲೆನಾಡಿನದು.

೫. ಆಲಂಬನದ ಸಂಚಾರ

ಈಗ ಸಿದ್ಧಾಂತವನ್ನು ಹೇಳಬಹುದು. ಸಾಮಾನ್ಯವಾದ ಬೀಭತ್ಸಕಾವ್ಯದಲ್ಲಿ ಜುಗುಪ್ಸೆಗೆ ಆಲಂಬನವು ಒಂದೇ. ‘ಸಂಸ್ಕಾರ’ದಲ್ಲಾದರೋ ಆ ಆಲಂಬನವು ಒಂದೆಡೆ ನಿಲ್ಲದೆ ಮೂರು ನೆಲೆಗಳಲ್ಲಿ ಸಂಚರಿಸುವುದು. ಮೊದಲನೆಯ ನೆಲೆ ನಾರಣಪ್ಪನ ಹೆಣ. ಚಂದ್ರಿಯು ತನ್ನ ಒಡವೆಗಳನ್ನು ಬಿಚ್ಚಿ ಸಂಸ್ಕಾರದ ವೆಚ್ಚಕ್ಕೆಂದು ಮುಂದಿಟ್ಟ ಕ್ಷಣದಲ್ಲಿ ಆಲಂಬನವು ಹೆಣವನ್ನು ಬಿಟ್ಟು ಬದುಕಿರುವವರಿಗೆ ದಾಟುವುದು. ಆ ಮೊದಲು ಒಲ್ಲೆನೆಂದ ಗರುಡಾಚಾರ್ಯ ಲಕ್ಷ್ಮಣಾಚಾರ್ಯರ ಮನಸ್ಸುಗಳಲ್ಲಿ ಈಗ ಆಸೆಯು ಮೊಳೆಯುವುದು. ವಾಚಕನ ಹೇಸಿಕೆಯು ಸತ್ತವನಿಂದ ಇವರತ್ತ ತಿರುಗುವುದು. ಕಾಡಿನ ಪ್ರಸಂಗವಾದ ಮೇಲೆ ಅದು ಮೂರನೆಯ ನೆಲೆಗೆ, ಪ್ರಾಣೇಶಾಚಾರ್ಯರ ಸ್ವಂತ ಅಂತಃಕರಣಕ್ಕೆ, ಸರಿಯುವುದು.

ವಾಚಕರ ಅಭಿಪ್ರಾಯಭೇದಕ್ಕೆ ಇದೇ ಮೂಲ. ಎರಡನೆಯ ನೆಲೆಯಲ್ಲಿ ನಿಂತುಬಿಟ್ಟವರು ಕಾದಂಬರಿಯನ್ನು ಒಂದು ಜಾತಿಯ ಚಿತ್ರವೆಂದು ಭಾವಿಸಿ, ಕೆಲವರು ಕೋಪಗೊಂಡರು, ಕೆಲವರು ತಲೆದೂಗಿದರು. ಮೂರನೆಯ ನೆಲೆಗೆ ನೇರವಾಗಿ ಹಾರಿದವರು ಅದನ್ನು ಏಕಾಕಿಯಾದ ವ್ಯಕ್ತಿಯ ಆತ್ಮಶೋಧನೆಯೆಂದರು. ಮೊದಲನೆಯ ನೆಲೆಯಿಂದ ಮೂರನೆಯದರವರೆಗೆ ಜುಗುಪ್ಸೆಯ ಬೆನ್ನು ಬಿಡದೆ ನಡೆದವರು ವಿರಳ. ಅಭಿನವಗುಪ್ತನು ಎಣಿಸಿರುವ ರಸವಿಘ್ನಗಳಲ್ಲಿ, ನಿರೂಪಿತವಾದ ಭಾವವು ‘ತನ್ನದು’ ಅಥವಾ ‘ಪರರದು’ ಎಂಬ ನಿಯಮವೂ ಒಂದು. ಇದು ನಮ್ಮವರನ್ನು ಕುರಿತ ಮಾತೆಂದು ನೊಂದ ವಾಚಕನಿಗೂ, ಇದು ಅವರನ್ನು ಕುರಿತ ಮಾತೆಂದು ಹಿಗ್ಗಿದ ವಾಚಕನಿಗೂ ಅಡ್ಡಬಂದುದು ಒಂದೇ ವಿಘ್ನ. ನಿಂದೆಯೆಂದವರೂ ದಾಖಲೆಯೆಂದವರೂ ಪರಸ್ಪರ ವಿರೋಧಿಗಳಂತೆ ತೋರಿದರೂ ರಸದ ದೃಷ್ಟಿಯಿಂದ ಒಂದೇ ಜಗಲಿಯಲ್ಲಿ ಕುಳಿತವರು.

ಆಲಂಬನವು ಹೀಗೆ ಸರಿಯುವುದನ್ನು ಭಾಗೀರಥಿಯ ಪ್ರಸಂಗದಲ್ಲಿ ಸ್ಪಷ್ಟವಾಗಿ ಕಾಣಬಹುದು. ವರ್ಷಗಟ್ಟಲೆ ರೋಗಿಷ್ಠಳಾದ ಪತ್ನಿಯ ಶುಶ್ರೂಷೆಯನ್ನು ವ್ರತದಂತೆ ನಡೆಸಿದ ಆಚಾರ್ಯರಿಗೆ, ಚಂದ್ರಿಯ ಸಂಗವಾದ ಮೇಲೆ, ಆ ಒಡಲಿನ ಕುರೂಪವು ಮೊದಲ ಬಾರಿಗೆ ಕಣ್ಣಿಗೆ ಬೀಳುವುದು. ಧನಂಜಯನು ಹೇಳಿದ ಶುದ್ಧಬೀಭತ್ಸದಲ್ಲಿ ವೈರಾಗ್ಯದಿಂದ ಚೆಲುವಿನಲ್ಲಿ ಹೇಸಿಕೆ ಹುಟ್ಟುವುದು. ಇಲ್ಲಿ ರಾಗದಿಂದ ರೋಗದಲ್ಲಿ ಹೇಸಿಕೆ ಹುಟ್ಟಿತು. ಶಾಸ್ತ್ರದ ಲಕ್ಷಣವು ತಲೆಕೆಳಗಾಗಿ ನಿಂತಿತು. ಆಚಾರ್ಯರ ವೈರಾಗ್ಯವು ವೈರಾಗ್ಯವೇ ಆಗಿರಲಿಲ್ಲವೆಂಬುದನ್ನು ಇದಕ್ಕಿಂತ ಕ್ರೂರವಾಗಿ ತೋರಿಸುವುದು ಶಕ್ಯವಿಲ್ಲ. ಸ್ತ್ರೀಪಾತ್ರಗಳಿಗೆ ಅಂತರಂಗವಿಲ್ಲವೆಂಬ ಆಕ್ಷೇಪಕ್ಕೆ ಇಲ್ಲಿ ಅರ್ಧ ಉತ್ತರ ದೊರೆಯುವುದು. ಆ ದೇಹಗಳನ್ನು ಹಾಗೆ ಕಾಣುವ ಕಣ್ಣು ಪುರುಷಪಾತ್ರಗಳದು, ಆ ಕಣ್ಣೇ ಪರೀಕ್ಷೆಗೊಳಗಾಗಿರುವುದು. ಉಳಿದ ಅರ್ಧಕ್ಕೆ ಉತ್ತರವಿಲ್ಲ. ಕಥೆಯಲ್ಲಿ ಮಾಡಬೇಕಾದುದನ್ನು ಮಾಡಿ ಮುಗಿಸಿದ ಚಂದ್ರಿಯನ್ನು ಬಸ್ಸು ಹತ್ತಿಸಿ ಕಳುಹಿಸಿದ ಮೇಲೆ ಗ್ರಂಥಕರ್ತರು ಅವಳತ್ತ ಮತ್ತೆ ತಿರುಗಿ ನೋಡುವುದಿಲ್ಲ. ಇದು ದೋಷವೇ ಸರಿ.

೬. ಶೃಂಗಾರದ ಸಾನ್ನಿಧ್ಯ

ಅಶ್ಲೀಲವೆಂಬ ಆಕ್ಷೇಪವನ್ನೂ ಲಾಕ್ಷಣಿಕರ ಮಾತಿನಲ್ಲಿಯೇ ಪರೀಕ್ಷಿಸಬೇಕು. ಶೃಂಗಾರಕ್ಕೂ ಬೀಭತ್ಸಕ್ಕೂ ವಿರೋಧವೆಂಬುದು ಪ್ರಸಿದ್ಧ. ವಿರೋಧಿರಸಗಳನ್ನು ಒತ್ತೊತ್ತಾಗಿ ಇಡಬೇಕಾದಾಗ ನಡುವೆ ಎರಡಕ್ಕೂ ಒಗ್ಗುವ ಬೇರೊಂದು ರಸವನ್ನು ಇರಿಸುವುದರಿಂದ ವಿರೋಧವು ಪರಿಹಾರವಾಗುವುದೆಂದು ಆನಂದವರ್ಧನನು ಹೇಳಿರುವನು. ಕೊಳೆಯುವ ಹೆಣವಿರುವ ಊರಿನಿಂದ ಕೂಗಳತೆಯ ದೂರದಲ್ಲಿ ಶೃಂಗಾರವನ್ನಿಟ್ಟ ಈ ಕಥೆಯಲ್ಲಿ ನಡುವಣ ರಸವಾವುದು? ಕಾಡಿನಲ್ಲಿ ಚಂದ್ರಿಯು ಆಚಾರ್ಯರ ಪಾದಗಳಿಗೆ ಬೀಳುವುದು ಕಾಮದಿಂದಲ್ಲ, ಕೃತಜ್ಞತೆಯಿಂದ. ಅವರು ಕೈ ಚಾಚುವುದು ಆಶೀರ್ವದಿಸಲು. ಇಬ್ಬರೂ ಹಸಿದವರು, ಅವರ ಬಾಯಿಂದ ಹೊರಡುವುದು ತಾಯಿಯನ್ನು ಕರೆಯುವ ಮಾತು, ಅವಳು ಕೊಡುವುದು ಬಾಳೆಹಣ್ಣು. ಕರುಣವು ನಡುವೆ ನಿಂತಿರುವುದರಿಂದಲೇ ಆ ಪ್ರಸಂಗವು ಹೇಸಿಕೆಯಾಗದೆ ಉಳಿಯಿತು. ಗ್ರಂಥಕರ್ತರು ಲಕ್ಷಣವನ್ನು ನೆನೆದು ಬರೆದರೆಂದು ಹೇಳಲಾಗದು. ಕವಿಸಮಯವು ತಾನೇ ತಾನಾಗಿ ಲಕ್ಷಣವನ್ನು ಅನುಸರಿಸಿತೆಂದರೆ ಸಾಕು.

೭. ಶಾಸ್ತ್ರದಲ್ಲಿ ಉತ್ತರವಿಲ್ಲವೆ?

ಮೊದಲನೆಯ ಪಕ್ಷದವರ ಆಕ್ಷೇಪಗಳಲ್ಲಿ ಗಟ್ಟಿಯಾದುದು ಧರ್ಮಶಾಸ್ತ್ರವನ್ನು ಕುರಿತುದು. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಪತಿತನಿಗೆ ಸಂಸ್ಕಾರವನ್ನು ನಿಷೇಧಿಸುವ ವಚನಗಳಿರುವುದು ನಿಜ. ಆದರೆ ಬದುಕಿದ್ದಾಗ ಘಟಸ್ಫೋಟಾದಿ ವಿಧಿಯಿಂದ ಬಹಿಷ್ಕರಿಸದ ಜ್ಞಾತಿಯ ಹೊಣೆಯು ಸಪಿಂಡರಿಗೆ ತಪ್ಪಿದ್ದಲ್ಲ. ಕಮಲಾಕರಭಟ್ಟನ ‘ನಿರ್ಣಯಸಿಂಧು’ವಿನಂತಹ ನಿಬಂಧಗಳು ಪುತ್ರನಿಂದ ಮೊದಲ್ಗೊಂಡು ಸಪಿಂಡ, ಸಮಾನೋದಕಾದಿಗಳವರೆಗೆ ಅಧಿಕಾರಿಗಳ ಕ್ರಮವನ್ನು ಹೇಳುವುವು, ಯಾರೂ ಇಲ್ಲದಿದ್ದರೆ ರಾಜನೇ ಮಾಡಿಸತಕ್ಕುದೆಂಬುದೂ ಸಂಪ್ರದಾಯ. ಅನಾಥನಾದ ಬ್ರಾಹ್ಮಣನ ಶವವನ್ನು ಹೊತ್ತವನಿಗೆ ಹೆಜ್ಜೆಹೆಜ್ಜೆಗೂ ಯಜ್ಞಫಲವೆಂದು ಪರಾಶರಸ್ಮೃತಿಯು ಸಾರುವುದು. ಹೀಗಿರಲು ವೇದಾಂತಶಿರೋಮಣಿಗೆ ಗ್ರಂಥಗಳಲ್ಲಿ ದಾರಿ ಸಿಕ್ಕಲಿಲ್ಲವೆಂಬುದು ನಂಬತಕ್ಕ ಮಾತೆ?

ಕಥೆಯನ್ನು ಶಾಸ್ತ್ರಚರ್ಚೆಯೆಂದು ಓದಿದರೆ ನಂಬತಕ್ಕುದಲ್ಲ. ಆದರೆ ಕೊರತೆಯಿದ್ದುದು ವಚನದಲ್ಲಲ್ಲ. ಅಧಿಕಾರಿಯಾರೆಂದು ಗ್ರಂಥವು ಹೇಳಬಲ್ಲುದು. ಅವನನ್ನು ಕೈಹಿಡಿದು ಎಬ್ಬಿಸಲಾರದು. ಜ್ಞಾತಿಗಳು ಇದ್ದರು, ಏಳಲಿಲ್ಲ. ಹೊನ್ನನ್ನು ಕಂಡು ಏಳಲು ಬಯಸಿದಾಗ ಅವರ ಏಳುವಿಕೆಯೇ ಅಧರ್ಮವಾಗಿ ತೋರಿತು. ಆಚಾರ್ಯರ ಮನಸ್ಸಾದರೂ ಸ್ವಚ್ಛವಾಗಿದ್ದಿತೆ? ನಾರಣಪ್ಪನನ್ನು ಬಹಿಷ್ಕರಿಸಿದರೆ ಮುಸಲ್ಮಾನನಾಗಿ ಅಗ್ರಹಾರದಲ್ಲಿಯೇ ನಿಲ್ಲುವೆನೆಂಬ ಅವನ ಬೆದರಿಕೆಯೊಂದು ಕಡೆ. ತನ್ನ ತಪಸ್ಸಿನಿಂದ ಅವನನ್ನು ದಾರಿಗೆ ತರುವೆನೆಂಬ ಹಟವೊಂದು ಕಡೆ. ಬದುಕಿದ್ದಾಗ ನಿರ್ಣಯಿಸದೆ ಉಳಿಸಿದುದು ಸತ್ತ ಮೇಲೆ ನಾರುತ್ತಿರುವುದು. ಪಂಡಿತನು ಉತ್ತರವನ್ನು ಕಾಣದೆ ಹೋದುದು ಓಲೆಗಳ ಕೊರತೆಯಿಂದಲ್ಲ, ಆ ಉತ್ತರವು ತನ್ನ ಹಟಕ್ಕೆ ಸೋಲಾಗುವುದೆಂಬ ಭಯದಿಂದ. ಈ ಅರ್ಥದಲ್ಲಿ ಕಾದಂಬರಿಯು ಶಾಸ್ತ್ರವನ್ನು ಖಂಡಿಸುವುದಿಲ್ಲ. ಶಾಸ್ತ್ರವನ್ನು ಓದುವವನನ್ನು ಪರೀಕ್ಷಿಸುವುದು. ಶಾಸ್ತ್ರಾಭ್ಯಾಸಿಗಳಿಗೆ ಈ ಗ್ರಂಥವು ಅಪ್ರಿಯವಾ­ದರೂ ಅವಶ್ಯವಾದುದು ಈ ಕಾರಣದಿಂದ.

ಇದೇ ರೋಗವು ಹೊಲೆಯರ ಗುಡಿಸಲುಗಳಿಗೂ ಬರುವುದು. ಅವರು ಸತ್ತವರನ್ನು ಗುಡಿಸಲಿನೊಡನೆಯೇ ಸುಟ್ಟು ಮುಗಿಸುವರು. ಅಹಮದ್ ಬ್ಯಾರಿಯು ಗಾಡಿ ಹೂಡುವ ಮುನ್ನ ಯಾವ ಗ್ರಂಥವನ್ನೂ ನೋಡುವುದಿಲ್ಲ. ಗ್ರಂಥಕರ್ತರು ಈ ಎರಡು ಸಂಗತಿಗಳನ್ನು ಕೆಲವೇ ಮಾತುಗಳಲ್ಲಿ ಹೇಳಿ ಸರಿದಿರುವರು. ವಿಮರ್ಶಕರೂ ಬಹಳವಾಗಿ ನಿಂತು ನೋಡಿಲ್ಲ. ಅಗ್ರಹಾರದ ಭಯಕ್ಕೆ ಅಳತೆಗೋಲು ದೊರೆಯುವುದು ಇವುಗಳಲ್ಲಿಯೇ.

೮. ಪೂರ್ವಕವಿಗಳು

ಕನ್ನಡದ ಹಳೆಯ ಕಾವ್ಯಗಳಲ್ಲಿ ಬೀಭತ್ಸವು ಎಂದೂ ತನ್ನಲ್ಲಿಯೇ ಮುಗಿಯುವುದಿಲ್ಲ. ರನ್ನನ ‘ಗದಾಯುದ್ಧ’ದಲ್ಲಿ ಸಂಜಯನೊಡನೆ ಹೆಣಗಳ ರಣಭೂಮಿಯನ್ನು ದಾಟುವ ದುರ್ಯೋಧನನನ್ನು ಮರುಳುಗಳು ಅಡ್ಡಗಟ್ಟಿ ಹಾಸ್ಯಮಾಡುವುವು, ಆ ಹೇಸಿಕೆಯ ನೆಲವೇ ದುಶ್ಶಾಸನ ಕರ್ಣರ ಶವಗಳ ಮುಂದೆ ಕರುಣಕ್ಕೆ ಅಡಿಗಲ್ಲಾಗುವುದು. ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯನ್ನು ನರಿಯು ಜೀವಂತವಾಗಿ ತಿನ್ನುವ ಪ್ರಸಂಗವು ಶಾಂತದಲ್ಲಿ ನಿಲ್ಲುವುದು. ಅತ್ಯಂತ ಸಮೀಪವಾದುದು ರಾಘವಾಂಕನ ‘ಹರಿಶ್ಚಂದ್ರಕಾವ್ಯ’. ಅಲ್ಲಿಯೂ ಸಂಸ್ಕಾರವಿಲ್ಲದೆ ಕಾದಿರುವುದು ಒಂದು ಹೆಣ, ಲೋಹಿತಾಶ್ವನದು. ತಡೆಯುವವನು ತಂದೆಯೇ, ಸುಡುಗಾಡಿನ ತೆರಿಗೆಯಿಲ್ಲದೆ ಸುಡಗೊಡುವುದಿಲ್ಲ. ಎರಡು ಕಡೆಯಲ್ಲಿಯೂ ಧರ್ಮದ ಹೆಸರಿನಲ್ಲಿಯೇ ಚಿತೆಯು ತಡವಾಗುವುದು. ಹರಿಶ್ಚಂದ್ರನಲ್ಲಿ ತಡೆಗೆ ಕಾರಣವು ಸತ್ಯದ ದಾರ್ಢ್ಯ. ಅದನ್ನು ಅವನು ತನ್ನ ಕರುಳನ್ನೇ ತೆತ್ತು ನಡೆಸುವನು. ದೂರ್ವಾಸಪುರದಲ್ಲಿ ಕಾರಣವು ಅನಿಶ್ಚಯ. ಅದಕ್ಕೆ ಬೆಲೆ ತೆರುವವರು ಇತರರು. ಅಲ್ಲಿ ವಿಶ್ವನಾಥನು ಪ್ರತ್ಯಕ್ಷನಾಗಿ ಕಥೆಯನ್ನು ಮುಗಿಸುವನು. ಇಲ್ಲಿ ಮಾರುತಿಯ ಪ್ರಸಾದವು ಆಗುವುದೇ ಇಲ್ಲ.

೯. ಮೂರನೆಯ ಭಾಗ

ಕಾದಂಬರಿಯ ಕೊನೆಯ ಭಾಗವು ಶಿಥಿಲವೆಂಬುದು ಹಲವರ ಮತ. ಹೆಣವು ಸುಟ್ಟುಹೋಯಿತು, ಪತ್ನಿಯೂ ತೀರಿದಳು, ಭಯಕ್ಕೆ ಆಲಂಬನವಿಲ್ಲದ ಮೇಲೆ ಜಾತ್ರೆಯ ಕೋಳಿಯ ಅಂಕ, ಪದ್ಮಾವತಿಯ ಮನೆ, ದೇವಸ್ಥಾನದ ಊಟ ಇವೆಲ್ಲವೂ ಕಥೆಯನ್ನು ಎಳೆಯುವುವೆಂದು ಅವರು ಹೇಳುವರು. ಈ ಆಕ್ಷೇಪದಲ್ಲಿ ಸತ್ಯವಿರುವುದು. ಆಚಾರ್ಯರ ಸ್ವಗತಗಳು ಅಲ್ಲಲ್ಲಿ ದೀರ್ಘವಾಗಿ, ಹೇಳಿದುದನ್ನೇ ಹೇಳುವುವು.

ಆದರೆ ಒಂದು ಸಂಗತಿಯು ಮರೆಯಾಗಬಾರದು. ಹೆಣವು ದಹನವಾದುದು ಆಚಾರ್ಯರಿಗೆ ತಿಳಿಯದು. ವಾಚಕನ ಪಾಲಿಗೆ ಬೂದಿಯಾದುದು ಅವರ ಪಾಲಿಗೆ ಇನ್ನೂ ಕೊಳೆಯುತ್ತಲೇ ಇರುವುದು. ಇಲ್ಲದ ಹೆಣವನ್ನು ಅವರು ಹೊತ್ತು ನಡೆಯುವರು. ಅವರ ಬೆನ್ನು ಬಿಡದೆ ಬರುವ ಪುಟ್ಟನು ಒಗಟುಗಳನ್ನು ಹೇಳುವವನೆಂಬುದು ಇಲ್ಲಿ ಅರ್ಥವತ್ತಾದುದು. ರಾಜನ ಹೆಗಲನ್ನೇರಿ ಪ್ರಶ್ನೆಯನ್ನೊಡ್ಡಿದ ಬೇತಾಳದ ನೆರಳು ಅವನಲ್ಲಿ ಸುಳಿಯುವುದು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುವುದು, ಹೇಳಿದರೆ ಹೆಣವು ಮತ್ತೆ ಮರಕ್ಕೇರುವುದು ಎಂಬ ಹಳೆಯ ಕಥೆಯ ಇಕ್ಕಟ್ಟು ಆಚಾರ್ಯರ ಇಕ್ಕಟ್ಟೇ ಆಗಿರುವುದು: ನಡೆದುದನ್ನು ಹೇಳಿದರೆ ಅಗ್ರಹಾರವು ಕುಸಿಯುವುದು, ಹೇಳದಿದ್ದರೆ ತಾವು ಕುಸಿಯುವರು. ಸೂತಕದಲ್ಲಿ ದೇವಸ್ಥಾನದ ಪಂಕ್ತಿಯಲ್ಲಿ ಕುಳಿತು, ಗುರುತು ಸಿಕ್ಕಿ, ಎದ್ದೋಡುವಲ್ಲಿ ಜುಗುಪ್ಸೆಯು ಮತ್ತೆ ಭಯವಾಗಿ ತಿರುಗುವುದು. ಆ ಭಯಕ್ಕೆ ಆಲಂಬನವು ಹೆಣವಲ್ಲ, ಇನ್ನೊಬ್ಬನ ಕಣ್ಣು. ವೈಟ್‌ಹೆಡ್ಡನ ಕಾದಂಬರಿಯಲ್ಲಿ ಅಭ್ಯಾಸಬಲದಿಂದ ನಿಂತಲ್ಲಿ ನಿಂತ ಹೆಣಗಳು ಕಂಡುವಷ್ಟೆ. ದೂರ್ವಾಸಪುರದಲ್ಲಿ ಅಭ್ಯಾಸಬಲದಿಂದ ನಿಂತವರು ಬದುಕಿರುವವರು. ಅವರಿಂದ ಬೇರ್ಪಟ್ಟು ನಡೆಯತೊಡಗಿದವನು ಒಬ್ಬನೇ. ಆದಕಾರಣ ಕಥೆಯು ಅವನ ನಡೆಯೊಡನೆ ಸಾಗಿ ಅವನ ನಿರ್ಣಯದ ಹೊಸ್ತಿಲಲ್ಲಿ ನಿಂತುದು ಅನುಚಿತವಲ್ಲ.

೧೦. ಉಪಸಂಹಾರ

ಈ ಗ್ರಂಥವನ್ನು ಪಾಠ ಹೇಳುವವರಿಗೆ ಈಗ ಹೊಸದೊಂದು ತೊಡಕುಂಟು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಂತಹ ಬಡಾವಣೆಗಳಲ್ಲಿ ಬೆಳೆದ ವಿದ್ಯಾರ್ಥಿಗೆ ಒಂದು ಮನೆಯ ಹೆಣದಿಂದ ಇಡೀ ಕೇರಿಯ ಒಲೆ ಆರುವುದೆಂದರೇನೆಂಬುದು ಸುಲಭವಾಗಿ ಹೊಳೆಯದು. ಆದರೆ ೨೦೨೧ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಕೊರೋನಾ ರೋಗದ ಎರಡನೆಯ ಅಲೆಯು ಬಂದಾಗ ಅದೇ ಬಡಾವಣೆಗಳಿಗೆ ಸಮೀಪದ ಸುಮನಹಳ್ಳಿಯ ಚಿತಾಗಾರದ ಮುಂದೆ ಶವಗಳನ್ನು ಹೊತ್ತ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತುವು. ಮಾಗಡಿ ರಸ್ತೆಯ ತಾವರೆಕೆರೆಯಲ್ಲಿ ಬಯಲಿನಲ್ಲಿಯೇ ಚಿತೆಗಳ ಏರ್ಪಾಡಾಯಿತು. ಮಕ್ಕಳಿದ್ದೂ ಮುಟ್ಟಲಾರದ ತಂದೆತಾಯಿಗಳನ್ನು ಹೆಸರರಿಯದ ಸ್ವಯಂಸೇವಕರು, ಅನ್ಯಮತದವರೂ ಸೇರಿ, ಸುಟ್ಟರು, ಹೂಳಿದರು. ಕೇಳುವವರಿಲ್ಲದೆ ಉಳಿದ ನೂರಾರು ಮಂದಿಯ ಅಸ್ಥಿಗಳನ್ನು ಆ ವರ್ಷದ ಜೂನ್ ತಿಂಗಳಲ್ಲಿ ಸರ್ಕಾರವೇ ಮಂಡ್ಯ ಜಿಲ್ಲೆಯ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಯಾರೂ ಇಲ್ಲದವನಿಗೆ ರಾಜನೇ ಅಧಿಕಾರಿಯೆಂಬ ನಿಬಂಧಕಾರರ ಮಾತು ಹೀಗೆ ಅನಿರೀಕ್ಷಿತವಾಗಿ ಆಚರಣೆಗೆ ಬಂದಿತು. ಅಹಮದ್ ಬ್ಯಾರಿಯ ಗಾಡಿಯು ಆ ದಿನಗಳನ್ನು ಕಂಡವರಿಗೆ ಕಥೆಯ ಒಂದು ಉಪಾಯವಾಗಿ ಮಾತ್ರ ತೋರಲಾರದು.

ವಾಚಕರ ಅಭಿಪ್ರಾಯಭೇದವು ಇದರಿಂದ ಮುಗಿಯುವುದೆಂದಲ್ಲ. ಬೀಭತ್ಸವನ್ನು ಓದುವವನು ತನ್ನ ಹೇಸಿಕೆಯು ಯಾವುದರ ಮೇಲೆ ನಿಂತಿದೆಯೆಂದು ಮೊದಲು ಕೇಳಿಕೊಳ್ಳಬೇಕು. ‘ಸಂಸ್ಕಾರ’ವು ಆ ಹೇಸಿಕೆಯನ್ನು ಹೆಣದ ಮೇಲೆ ನಿಲ್ಲಗೊಡುವುದಿಲ್ಲ, ನೆರೆಯವನ ಮೇಲೆಯೂ ನಿಲ್ಲಗೊಡುವುದಿಲ್ಲ. ಈ ಗ್ರಂಥದ ಗುಣವೂ, ಇದು ಹಲವರಿಗೆ ಅಪ್ರಿಯವಾಗಲು ಕಾರಣವೂ ಒಂದೇ. ಚಂದ್ರಿಯ ಪಾತ್ರದ ಅಪೂರ್ಣತೆ, ಕಡೆಯ ಭಾಗದ ದೀರ್ಘತೆ ಎಂಬ ದೋಷಗಳನ್ನು ಒಪ್ಪಿಕೊಂಡರೂ, ಕನ್ನಡ ಗದ್ಯದಲ್ಲಿ ಬೀಭತ್ಸವನ್ನು ಅಂಗಿಯನ್ನಾಗಿಸಿ ಕಡೆಯವರೆಗೆ ನಡೆಸಿದ ಕೃತಿಗಳಲ್ಲಿ ಇದಕ್ಕೆ ಮೊದಲ ಪಂಕ್ತಿಯಲ್ಲಿ ಸ್ಥಾನವುಂಟೆಂದು ಸಹೃದಯರು ನಿರ್ಣಯಿಸಬಹುದು.